ಕಾವಲಿಗೆ ಬಿಟ್ಟ ನುಸಿಗಳು ತಮ್ಮತಮ್ಮಲ್ಲೇ ತಿಂದುಕೊಂಡರೆ?

ಜೇಡ ನುಸಿ ಹತ್ತಿದ ಬೀನ್ಸ್ ಗಿಡದ ಒಂದು ಎಲೆಯನ್ನು ಮಗುಚಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು ನೋಡಿ. ಮೊದಲು ಕಾಣುವುದು ತೆಳ್ಳನೆಯ ಬಲೆ. ಬಲೆಯ ನಡುವೆ ಅಲ್ಲಲ್ಲಿ ಗುಂಡನೆಯ, ಗಾಜಿನ ಮಣಿಯಂಥ ಮೊಟ್ಟೆಗಳು. ಅವು ಬೆಳೆಯ ರಸ ಹೀರುವ ಜೇಡ ನುಸಿಯವು. ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿದರೆ ಅವುಗಳ ಪಕ್ಕದಲ್ಲೇ ಇನ್ನೊಂದು ಬಗೆಯ ಮೊಟ್ಟೆ ಸಿಗುತ್ತದೆ. ಇದು ಗುಂಡಗಿಲ್ಲ, ಕೊಂಚ ಉದ್ದಕ್ಕಿದೆ. ಗಾತ್ರದಲ್ಲೂ ಹೆಚ್ಚುಕಮ್ಮಿ ಎರಡು ಪಟ್ಟು. ಇದು ಜೇಡ ನುಸಿಯನ್ನು ತಿನ್ನಲಿ ಅಂತ ನಾವೇ ತಂದು ಬಿಟ್ಟ ಬೇಟೆ ನುಸಿಯ ಮೊಟ್ಟೆ.

ಒಮ್ಮೆ ಹೀಗೇ ನೋಡುತ್ತಿದ್ದಾಗ ಮಾಸಲು ಬಣ್ಣದ, ನೀರಿನ ಹನಿಯ ಆಕಾರದ ಒಂದು ನುಸಿ ಆ ಉದ್ದನೆಯ ಮೊಟ್ಟೆಯ ಹತ್ತಿರ ಬಂತು. ಮುಂದಿನ ಎರಡು ಕಾಲುಗಳಿಂದ ಮೊಟ್ಟೆಯನ್ನು ಸವರಿತು. ಹಿಂದೆ ಸರಿಯಿತು, ಮತ್ತೆ ಬಂತು. ಆಮೇಲೆ ಬಾಯಿ ಊರಿ ನಿಂತುಬಿಟ್ಟಿತು. ನೋಡುನೋಡುತ್ತಿದ್ದಂತೆ ಮೊಟ್ಟೆ ಗಾಳಿ ಬಿಟ್ಟ ಬಲೂನಿನಂತೆ ಸುಕ್ಕಾಗುತ್ತಾ ಹೋಯಿತು. ಪಕ್ಕದಲ್ಲೇ ಇದ್ದ ಜೇಡ ನುಸಿಯ ಮೊಟ್ಟೆಗಳು ಹಾಗೇ ಉಳಿದವು. ತಿಂದ ನುಸಿಯೂ ನಾವು ಬಿಟ್ಟದ್ದೇ, ತಿನ್ನಿಸಿಕೊಂಡದ್ದೂ ನಾವು ಬಿಟ್ಟದ್ದೇ. ನನಗಂತೂ ಹೊಟ್ಟೆಯಲ್ಲಿ ಒಂಥರಾ ಆಯಿತು.

ಇದನ್ನು ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಅಂತ ಹೇಳೋಣವೇ? ಅದು ಸರಿಹೊಂದುವುದಿಲ್ಲ. ಈ ನುಸಿಗಳು ಬೆಳೆಗೆ ಬಾಯಿ ಹಾಕುವುದಿಲ್ಲ. ಇಲ್ಲಿ ಜಗಳ ಬೇಲಿಗೂ ಬೇಲಿಗೂ. ಹಾಗಾದರೆ ಎರಡು ಬೇಲಿ ಹಾಕುವುದಕ್ಕಿಂತ ಒಂದೇ ಬೇಲಿ ಒಳ್ಳೆಯದಾ? ಈ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ವಿಜ್ಞಾನಿಗಳು ದಶಕಗಳಿಂದ ಇದರ ಬೆನ್ನು ಹತ್ತಿದ್ದಾರೆ. ಸಿಕ್ಕಿದ ಉತ್ತರ ಮಾತ್ರ ಬಹಳ ಚೆನ್ನಾಗಿದೆ.

ಮೊದಲು ಈ ನುಸಿಗಳ ಪರಿಚಯ ಮಾಡಿಕೊಳ್ಳೋಣ. ನುಸಿ ಅಂದರೆ ಕೀಟ ಅಲ್ಲ. ದೊಡ್ಡದಾದ ಮೇಲೆ ಎಂಟು ಕಾಲು, ಜೇಡದ ನೆಂಟ. ಬೆಳೆಗೆ ಸಹಾಯ ಮಾಡುವ ಬೇಟೆ ನುಸಿಗಳಲ್ಲಿ ಹೆಚ್ಚಿನವು ಫೈಟೋಸೀಯಿಡೇ ಅನ್ನುವ ಕುಟುಂಬದವು. ಇದರಲ್ಲಿ 2,000ಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಟ್ಟಿದ್ದಾರೆ. ಒಂದೊಂದರ ಉದ್ದ ಅರ್ಧ ಮಿಲಿಮೀಟರಿನ ಆಸುಪಾಸು. ಇವಕ್ಕೆ ಕಣ್ಣಿಲ್ಲ. ವಾಸನೆ ಮತ್ತು ಸ್ಪರ್ಶ, ಇವೆರಡರಿಂದಲೇ ಇವುಗಳ ಬದುಕು. ಮುಂದಿನ ಜೋಡಿ ಕಾಲುಗಳನ್ನು ಎತ್ತಿ ಆಡಿಸುತ್ತಾ, ಕತ್ತಲಲ್ಲಿ ಗೋಡೆ ತಡವುವವರಂತೆ ಎಲೆಯ ಮೇಲೆ ಓಡಾಡುತ್ತವೆ. ಮೊಟ್ಟೆಯಿಂದ ಬರುವ ಮರಿಗೆ ಆರೇ ಕಾಲು. ಆಮೇಲೆ ಎರಡು ಎಳೆಯ ಹಂತ ದಾಟಿ ದೊಡ್ಡದಾಗುತ್ತದೆ. ಬೆಚ್ಚಗಿನ ಹವೆಯಲ್ಲಿ ಇಷ್ಟಕ್ಕೆಲ್ಲ ಒಂದು ವಾರ ಸಾಕು.

ಈ ಹಂತಗಳನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ನಿಂತಿರುವುದು ಇದರ ಮೇಲೆಯೇ.

ಇವುಗಳಲ್ಲಿ ಅತಿ ಹೆಸರುವಾಸಿ ಫೈಟೋಸೀಯುಲಸ್ ಪರ್ಸಿಮಿಲಿಸ್. ಕಿತ್ತಳೆ-ಕೆಂಪು ಬಣ್ಣ, ಉದ್ದ ಕಾಲು, ಚುರುಕು ನಡೆ. 1958ರಲ್ಲಿ ಚಿಲಿ ದೇಶದಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಜೊತೆ ಇದು ಆಕಸ್ಮಿಕವಾಗಿ ಬಂತು. ಬಂದದ್ದೇ ಜೇಡ ನುಸಿಗಳನ್ನು ಗುಡಿಸಿ ಹಾಕತೊಡಗಿತು. ಆ ಕಾಲದಲ್ಲಿ ಕೀಟನಾಶಕಗಳಿಗೆ ಜೇಡ ನುಸಿ ಜಗ್ಗುತ್ತಿರಲಿಲ್ಲ. ಸಿಂಪಡಿಸಿದಷ್ಟೂ ಸಾಯುತ್ತಿದ್ದದ್ದು ಅದರ ಶತ್ರುಗಳು. ನೆದರ್ಲೆಂಡ್ಸ್‌ನ ಸೌತೆ ಬೆಳೆಗಾರ ಯಾನ್ ಕೋಪರ್ಟ್ 1960ರ ದಶಕದ ಕೊನೆಯಲ್ಲಿ ಈ ನುಸಿಯನ್ನು ತನ್ನ ಹಸಿರುಮನೆಯಲ್ಲಿ ಬಿಟ್ಟು, ಆಮೇಲೆ ಬೇರೆಯವರಿಗೂ ಸಾಕಿ ಕೊಡಲು ಶುರುಮಾಡಿದ. ಪರ್ಸಿಮಿಲಿಸ್ ಹೆಣ್ಣು ದಿನಕ್ಕೆ ಸುಮಾರು 20 ಜೇಡ ನುಸಿ ಮೊಟ್ಟೆ ತಿನ್ನುತ್ತದೆ. ಜೇಡ ನುಸಿಯ ಬಲೆ ಅದಕ್ಕೆ ಅಡ್ಡಿಯೇ ಅಲ್ಲ. ಬೆನ್ನ ಮೇಲಿನ ಉದ್ದನೆಯ ಕೂದಲು ಬಲೆಯನ್ನು ಮೈಗೆ ತಾಗದಂತೆ ಎತ್ತಿ ಹಿಡಿಯುತ್ತದೆ.

ಆದರೆ ಪರ್ಸಿಮಿಲಿಸ್‌ಗೆ ಒಂದೇ ಊಟ. ಟೆಟ್ರಾನಿಕಸ್ ಪಂಗಡದ ಜೇಡ ನುಸಿ ಇಲ್ಲದಿದ್ದರೆ ಅದು ಉಳಿಯುವುದಿಲ್ಲ.

ಇದಕ್ಕೆ ತದ್ವಿರುದ್ಧ ಆಂಬ್ಲಿಸೀಯಸ್ ಸ್ವಿರ್ಸ್ಕಿ. ಇಸ್ರೇಲಿನ ಕೀಟತಜ್ಞ ಎಲಿಯಾಹು ಸ್ವಿರ್ಸ್ಕಿ ಅವರ ಹೆಸರನ್ನು 1962ರಲ್ಲಿ ಇದಕ್ಕೆ ಇಟ್ಟರು. ಸಿಕ್ಕಿದ್ದೆಲ್ಲ ತಿನ್ನುವ ಜಾತಿ ಇದು. ಥ್ರಿಪ್ಸ್ ಅನ್ನುವ ರಸ ಹೀರುವ ಪುಟ್ಟ ಕೀಟದ ಮರಿ, ಬಿಳಿನೊಣದ ಮೊಟ್ಟೆ, ಬೇರೆ ನುಸಿಗಳು, ಪರಾಗ, ಎಲ್ಲವೂ ಆಗುತ್ತದೆ. ಬೆಳೆಯಲ್ಲಿ ಕೀಟ ಇಲ್ಲದ ದಿನವೂ ಹೂವಿನ ಪರಾಗ ತಿಂದು ಕಾದು ಕೂರುತ್ತದೆ. ಬೇಟೆ ನುಸಿಗಳನ್ನು ಊಟದ ಲೆಕ್ಕದಲ್ಲಿ ನಾಲ್ಕು ಗುಂಪು ಮಾಡುವ ಪದ್ಧತಿಯನ್ನು 1997ರಲ್ಲಿ ಮ್ಯಾಕ್‌ಮರ್ಟ್ರಿ ಮತ್ತು ಕ್ರಾಫ್ಟ್ ಅನ್ನುವ ವಿಜ್ಞಾನಿಗಳು ಕೊಟ್ಟರು. ಪರ್ಸಿಮಿಲಿಸ್ ಒಂದನೇ ಗುಂಪು, ಒಂದೇ ಊಟದವರು. ಸ್ವಿರ್ಸ್ಕಿ ಮೂರನೇ ಗುಂಪು, ಎಲ್ಲ ತಿನ್ನುವವರು. ನಡುವೆ ನಿಯೋಸೀಯುಲಸ್ ಕ್ಯಾಲಿಫೋರ್ನಿಕಸ್‌ನಂಥವು. ಜೇಡ ನುಸಿ ಇವಕ್ಕೆ ಇಷ್ಟ, ಸಿಗದಿದ್ದರೆ ಬೇರೆಯದಕ್ಕೂ ಹೊಂದಿಕೊಳ್ಳುತ್ತವೆ.

ಒಂದು ಹಸಿರುಮನೆಯಲ್ಲಿ ಥ್ರಿಪ್ಸ್, ಬಿಳಿನೊಣ, ಜೇಡ ನುಸಿ ಮೂರೂ ಇರುವುದು ಸಾಮಾನ್ಯ. ಬೆಳೆಗಾರರು ಥ್ರಿಪ್ಸ್‌ಗೆ ಸ್ವಿರ್ಸ್ಕಿ, ಜೇಡ ನುಸಿಗೆ ಪರ್ಸಿಮಿಲಿಸ್ ಅಂತ ಎರಡನ್ನೂ ಬಿಡುತ್ತಾರೆ. ಸ್ವಿರ್ಸ್ಕಿಗೆ ಮಾತ್ರ ಈ ಹಂಚಿಕೆ ಗೊತ್ತಿಲ್ಲ, ಅಲ್ವಾ? ಅದರ ಕಾಲಿಗೆ ತಾಗಿದ್ದು ಮೆತ್ತಗಿದ್ದರೆ, ಚಿಕ್ಕದಿದ್ದರೆ, ಅದು ಊಟ.

ಒಂದೇ ಬೇಟೆಯನ್ನು ಹಂಚಿಕೊಳ್ಳುವ ಇಬ್ಬರು ಬೇಟೆಗಾರರಲ್ಲಿ ಒಬ್ಬ ಇನ್ನೊಬ್ಬನನ್ನು ತಿನ್ನುವುದಕ್ಕೆ ವಿಜ್ಞಾನಿಗಳು ‘ಇಂಟ್ರಾಗಿಲ್ಡ್ ಪ್ರಿಡೇಶನ್’ ಅನ್ನುತ್ತಾರೆ. ನಾನು ಇದನ್ನು ಪಂಕ್ತಿಬೇಟೆ ಅಂತ ಕರೆಯುತ್ತೇನೆ. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತವರು, ಅವರಲ್ಲೊಬ್ಬ ಎಲೆಯ ಮೇಲಿನ ಊಟದ ಜೊತೆ ಪಕ್ಕದವನನ್ನೂ ಮುಗಿಸಿದ ಹಾಗೆ. ತಿಂದವನಿಗೆ ಇದರಲ್ಲಿ ಎರಡು ಲಾಭ. ಹೊಟ್ಟೆ ತುಂಬಿತು, ಪೈಪೋಟಿಗೆ ಇದ್ದವನೂ ಹೋದ. ಗ್ಯಾರಿ ಪೋಲಿಸ್, ಕ್ರಿಸ್ಟೋಫರ್ ಮೈಯರ್ಸ್ ಮತ್ತು ರಾಬರ್ಟ್ ಹೋಲ್ಟ್ 1989ರಲ್ಲಿ ಇದರ ಬಗ್ಗೆ ಬರೆದ ಮೇಲೆ ಎಲ್ಲರ ಗಮನ ಇತ್ತ ಹರಿಯಿತು. ಪೋಲಿಸ್ ಮರುಭೂಮಿಯ ಚೇಳುಗಳನ್ನು ವರ್ಷಗಟ್ಟಲೆ ರಾತ್ರಿ ಹೊತ್ತು ನೋಡಿದವರು. ದೊಡ್ಡ ಚೇಳು ಬೇರೆ ಜಾತಿಯ ಸಣ್ಣ ಚೇಳನ್ನು ತಿನ್ನುವುದು ಅಪರೂಪದ ಸಂಗತಿ ಅಲ್ಲ, ದಿನನಿತ್ಯದ್ದು ಅಂತ ಅವರು ಕಂಡುಕೊಂಡರು. ಚೇಳಿನಲ್ಲಿ ನಡೆದದ್ದೇ ಎಲೆಯ ಮೇಲೂ ನಡೆಯುತ್ತದೆ.

ಈಗ ಆ ಹಂತಗಳ ವಿಷಯಕ್ಕೆ ಬರೋಣ. ಬಲಿತ ಬೇಟೆ ನುಸಿ ಇನ್ನೊಂದು ಬಲಿತ ಬೇಟೆ ನುಸಿಯನ್ನು ಕೊಲ್ಲುವುದು ಬಹಳ ಕಡಿಮೆ. ಗಾತ್ರ ಹೆಚ್ಚುಕಮ್ಮಿ ಒಂದೇ, ಮೈ ಗಟ್ಟಿ, ಓಟ ಜೋರು. ಅಪಾಯ ಇರುವುದು ಮೊಟ್ಟೆಗೆ, ಆರು ಕಾಲಿನ ಮರಿಗೆ, ಎಳೆಯ ನುಸಿಗೆ. ಅಂದರೆ ‘ಸ್ವಿರ್ಸ್ಕಿ ಪರ್ಸಿಮಿಲಿಸನ್ನು ತಿನ್ನುತ್ತದೆ’ ಅನ್ನುವ ಮಾತು ಅರ್ಧ ಮಾತ್ರ ನಿಜ. ಬಲಿತ ಸ್ವಿರ್ಸ್ಕಿ ಎಳೆಯ ಪರ್ಸಿಮಿಲಿಸನ್ನು ತಿನ್ನುತ್ತದೆ ಅಂದರೆ ಸರಿ. ಇಲ್ಲಿ ಜಾತಿಗಿಂತ ವಯಸ್ಸು ಮುಖ್ಯ.

ಹಾಗಿದ್ದ ಮೇಲೆ ತಿರುಗುಬಾಣವೂ ಇರಲೇಬೇಕು. ಇದೆ. ಬಹಳಷ್ಟು ಜೋಡಿಗಳಲ್ಲಿ ‘ಅ’ ಜಾತಿಯ ದೊಡ್ಡದು ‘ಆ’ ಜಾತಿಯ ಮರಿಯನ್ನು ತಿಂದರೆ, ‘ಆ’ ಜಾತಿಯ ದೊಡ್ಡದು ‘ಅ’ ಜಾತಿಯ ಮರಿಯನ್ನು ತಿನ್ನುತ್ತದೆ. ಇವತ್ತು ಬೇಟೆಯಾಗಬೇಕಿದ್ದ ಮರಿ ತಪ್ಪಿಸಿಕೊಂಡು ಬದುಕಿದರೆ, ಕೆಲವೇ ದಿನಗಳಲ್ಲಿ ತನ್ನನ್ನು ಅಟ್ಟಿಸಿಕೊಂಡು ಬಂದವನ ಮಕ್ಕಳನ್ನು ಬೇಟೆಯಾಡುವಷ್ಟು ದೊಡ್ಡದಾಗುತ್ತದೆ. 2012ರಲ್ಲಿ ಜಪಾನ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ವಿಜ್ಞಾನಿಗಳು ಇಂಥ ಎರಡು ಜಾತಿಯ ಬೇಟೆ ನುಸಿಗಳ ಮೇಲೆ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಕೆಲವು ಮರಿಗಳನ್ನು ಶತ್ರುವಿನ ಎದುರು ಬೆಳೆಸಿದರು, ಕೆಲವನ್ನು ಶತ್ರುವಿನ ಸುಳಿವೇ ಇಲ್ಲದೆ ಬೆಳೆಸಿದರು. ಎರಡೂ ದೊಡ್ಡವಾದ ಮೇಲೆ ಆ ಶತ್ರು ಜಾತಿಯ ಮರಿಗಳನ್ನು ಮುಂದಿಟ್ಟರು. ಬಾಲ್ಯದಲ್ಲಿ ಶತ್ರುವಿನ ಜೊತೆ ಬೆಳೆದವು ಆ ಮರಿಗಳನ್ನು ಬೇಗ ಬೇಗ ಕೊಂದವು. ಅದೂ ತಾವು ಎದುರಿಸಿದ ಆ ಜಾತಿಯ ಮರಿಗಳನ್ನೇ. ಕಣ್ಣೂ ಇಲ್ಲದ, ಅರ್ಧ ಮಿಲಿಮೀಟರಿನ ಜೀವ ಬಾಲ್ಯದ ಅನುಭವವನ್ನು ಮೈಯಲ್ಲಿ ಉಳಿಸಿಕೊಂಡು, ದೊಡ್ಡದಾದ ಮೇಲೆ ಅದರಂತೆ ನಡೆದುಕೊಳ್ಳುತ್ತದೆ. ಇದನ್ನು ಸೇಡು ಅಂತ ಕರೆಯಲು ನನಗೆ ಮನಸ್ಸಿಲ್ಲ. ಮುಂದೆ ತನ್ನ ಮೊಟ್ಟೆ ಮರಿಗಳಿಗೆ ಅಪಾಯ ಆಗುವ ಜಾತಿಯನ್ನು ಚಿಕ್ಕದರಲ್ಲೇ ಕಡಿಮೆ ಮಾಡುವುದು ತಾಯಿಗೆ ಲಾಭದ ಕೆಲಸ.

ಇಂಥ ತಿರುಗೇಟು ಬರೀ ಬೇಟೆ ನುಸಿಗಳ ನಡುವೆ ಇಲ್ಲ. ನಾವು ಸುಮ್ಮನೆ ‘ಪೀಡೆ’ ಅಂತ ಕರೆದು ಬಿಡುವ ಥ್ರಿಪ್ಸ್ ಕೂಡ ಹೊಡೆಯುತ್ತದೆ. ಪಶ್ಚಿಮದ ಹೂವಿನ ಥ್ರಿಪ್ಸ್ ಅನ್ನುವ ಜಾತಿಯ ಮರಿಗಳು ಎಲೆಯ ರಸದ ಜೊತೆ ಜೇಡ ನುಸಿಯ ಮೊಟ್ಟೆಯನ್ನೂ ತಿನ್ನುತ್ತವೆ, ಬೇಟೆ ನುಸಿಯ ಮೊಟ್ಟೆಯನ್ನೂ ಚುಚ್ಚಿ ಕೊಲ್ಲುತ್ತವೆ. ಇದರ ಪರಿಣಾಮ ತಾಯಿ ನುಸಿಯ ನಡವಳಿಕೆಯಲ್ಲಿ ಕಾಣುತ್ತದೆ. ಐಫಿಸೀಯಸ್ ಡಿಜೆನೆರನ್ಸ್ ಅನ್ನುವ ಕಡುಗಂದು ನುಸಿಯನ್ನು ದೊಣ್ಣೆಮೆಣಸಿನ ಗಿಡದ ಮೇಲೆ ನೋಡಿದರೆ ಒಂದು ವಿಚಿತ್ರ ಗೊತ್ತಾಗುತ್ತದೆ. ಅದು ಊಟ ಮಾಡುವುದು ಹೂವಿನಲ್ಲಿ. ಅಲ್ಲಿ ಪರಾಗವೂ ಇದೆ, ಥ್ರಿಪ್ಸ್ ಕೂಡ ಇದೆ. ಆದರೆ ಮೊಟ್ಟೆ ಇಡಲು ಹೂವು ಬಿಟ್ಟು ಎಲೆಗೆ ಬರುತ್ತದೆ. ಎಲೆಯ ಅಡಿಯಲ್ಲಿ, ನರಗಳು ಕವಲೊಡೆಯುವ ಮೂಲೆಯಲ್ಲಿ ಸಣ್ಣ ಕೂದಲ ಪೊದೆ ಇರುತ್ತದೆ. ಆ ಪೊದೆಯೊಳಗೆ ಮೊಟ್ಟೆಗಳನ್ನು ಒಟ್ಟೊಟ್ಟಿಗೆ ಇಡುತ್ತದೆ. ಅಲ್ಲಿಗೆ ಥ್ರಿಪ್ಸ್ ಮರಿ ನುಗ್ಗುವುದು ಕಷ್ಟ. ಈ ಪೊದೆಗಳಿಗೆ ಡೊಮೇಶಿಯಾ ಅಂತ ಹೆಸರು, ‘ಪುಟ್ಟ ಮನೆ’ ಅನ್ನುವ ಅರ್ಥ. ಸ್ವೀಡನ್‌ನ ಸಸ್ಯವಿಜ್ಞಾನಿ ಲುಂಡ್‌ಸ್ಟ್ರೋಮ್ 1887ರಲ್ಲೇ ಇವು ನುಸಿಗಳ ಮನೆ ಅಂತ ಗುರುತಿಸಿದ್ದರು. ಗಿಡವೇ ತನ್ನ ಕಾವಲುಗಾರರಿಗೆ ಮನೆ ಕಟ್ಟಿಕೊಟ್ಟಿದೆ ಅಂತ ಓದಿದಾಗ ಖುಷಿಯಾಗುತ್ತದೆ, ಅಲ್ವಾ? ಆ ಮನೆಗೆ ಬಾಗಿಲು ಕಾಯುವ ಗುಣವೂ ಇದೆ ಅನ್ನುವುದು ಇನ್ನೂ ಖುಷಿಯ ವಿಷಯ.

ಥ್ರಿಪ್ಸ್ ಮರಿಯೂ ಅಷ್ಟೇ ಜಾಣ. ಬೇಟೆ ನುಸಿ ಅಟ್ಟಿಸಿಕೊಂಡು ಬಂದಾಗ ಅದು ಜೇಡ ನುಸಿಯ ಬಲೆಯೊಳಗೆ ಹೊಕ್ಕು ಕೂರುತ್ತದೆ. ಕುಕುಮೆರಿಸ್‌ನಂಥ ಎಲ್ಲ ತಿನ್ನುವ ನುಸಿಗಳು ಆ ಬಲೆಯಲ್ಲಿ ಸಿಕ್ಕಿಕೊಂಡು ಒದ್ದಾಡುತ್ತವೆ. ಅಂದರೆ ಒಂದು ಪೀಡೆ ಇನ್ನೊಂದು ಪೀಡೆಯ ಮನೆಯಲ್ಲಿ ಆಶ್ರಯ ಪಡೆಯುತ್ತದೆ. ಅದೇ ಬಲೆ ಪರ್ಸಿಮಿಲಿಸ್ ಮರಿಗಳಿಗೂ ಒಂದು ಮಟ್ಟಿಗೆ ಕೋಟೆ. ಬಲೆ ದಟ್ಟವಾಗಿರುವ ಕಡೆ ಸ್ವಿರ್ಸ್ಕಿ ಸರಾಗವಾಗಿ ಓಡಾಡುವುದಿಲ್ಲ. ಇದು ಮುಂದೆ ನಮಗೆ ಉಪಯೋಗಕ್ಕೆ ಬರುವ ಮಾತು.

ಸ್ವಂತ ಜಾತಿಯನ್ನು ತಿನ್ನುವ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಲ್ಲ ತಿನ್ನುವ ನುಸಿ ಸ್ವಂತದವರನ್ನೂ ಬಿಡುವುದಿಲ್ಲ, ಒಂದೇ ಊಟದ ನುಸಿ ಸಾಧು ಅಂತ ನಾವು ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ಎಲ್ಲ ತಿನ್ನುವ ಜಾತಿಗಳು ತಮ್ಮ ಮರಿ ಯಾವುದು, ಬೇರೆ ಜಾತಿಯ ಮರಿ ಯಾವುದು ಅಂತ ಗುರುತು ಹಿಡಿಯುತ್ತವೆ. ಎರಡೂ ಎದುರಿಗಿದ್ದರೆ ಬೇರೆಯದನ್ನೇ ಆರಿಸುತ್ತವೆ. ಆ ಊಟದ ಮೇಲೆ ಮೊಟ್ಟೆಯನ್ನೂ ಇಡುತ್ತವೆ. ಪರ್ಸಿಮಿಲಿಸ್‌ಗೆ ಈ ಆಯ್ಕೆ ಅಷ್ಟಾಗಿ ಇಲ್ಲ. ಜೇಡ ನುಸಿ ಮುಗಿದಾಗ ಅದು ಸ್ವಂತ ಮೊಟ್ಟೆ ಮರಿಗಳ ಮೇಲೆ ತಿರುಗುತ್ತದೆ. ಬೇಟೆ ಮುಗಿದ ಎಲೆಯ ಮೇಲೆ ಅದರ ಸುತ್ತ ಇರುವುದು ಹೆಚ್ಚಾಗಿ ಅದರದೇ ಸಂತಾನ, ಬೇರೆ ಜಾತಿಯವರಲ್ಲ. ಹೀಗೆ ಯೋಚಿಸಿದರೆ ಅರ್ಥವಾಗುತ್ತದೆ.

ಈಗ ದೊಡ್ಡ ಪ್ರಶ್ನೆ. ಪಂಕ್ತಿಬೇಟೆಯಿಂದ ಬೆಳೆಗೆ ನಷ್ಟವಾಗುತ್ತದಾ?

ಕಾಗದದ ಮೇಲೆ ಲೆಕ್ಕ ಹಾಕಿದರೆ ಹೆದರಿಕೆಯಾಗುತ್ತದೆ. ಒಂದು ಪರ್ಸಿಮಿಲಿಸ್ ಹೆಣ್ಣು ದಿನಕ್ಕೆ 20 ಜೇಡ ನುಸಿ ಮೊಟ್ಟೆ ತಿನ್ನುತ್ತದೆ ಅಂದುಕೊಳ್ಳಿ. 20 ದಿನಕ್ಕೆ 400 ಆಯಿತು. ಸ್ವಿರ್ಸ್ಕಿ ಒಂದು ಹೊತ್ತಿನ ಊಟಕ್ಕೆ ಅದರ ಒಂದು ಮೊಟ್ಟೆಯನ್ನು ತಿಂದರೆ ಅಷ್ಟೂ ಬೇಟೆ ಹೋಯಿತು, ಅದರ ಮಕ್ಕಳು ಮೊಮ್ಮಕ್ಕಳ ಬೇಟೆಯೂ ಹೋಯಿತು. ಹೋಲ್ಟ್ ಮತ್ತು ಪೋಲಿಸ್ ಗಣಿತದಿಂದ ತೋರಿಸಿದ್ದೂ ಇದನ್ನೇ ಹೋಲುತ್ತದೆ. ಇಬ್ಬರು ಬೇಟೆಗಾರರೂ ಬಹಳ ಕಾಲ ಒಟ್ಟಿಗೆ ಉಳಿಯಬೇಕಾದರೆ, ತಿನ್ನಿಸಿಕೊಳ್ಳುವವನು ಹಂಚಿಕೊಂಡ ಊಟದಲ್ಲಿ ತಿನ್ನುವವನಿಗಿಂತ ನಿಪುಣನಾಗಿರಬೇಕು. ಇಲ್ಲದಿದ್ದರೆ ಅವನು ಅಲ್ಲಿ ಉಳಿಯುವುದೇ ಇಲ್ಲ. ನಿಪುಣನೇ ಆಗಿದ್ದರೆ, ಅವನನ್ನು ತಿನ್ನುವವನನ್ನು ತಂದು ಬಿಡುವುದರಿಂದ ಪೀಡೆ ಜಾಸ್ತಿಯಾಗಬೇಕು. ಎತ್ತ ನೋಡಿದರೂ ಎರಡನ್ನು ಬೆರೆಸುವುದು ತಪ್ಪು ಅಂತ ಸಿದ್ಧಾಂತ ಹೇಳುತ್ತದೆ.

ಹೊಲದಲ್ಲಿ, ಹಸಿರುಮನೆಯಲ್ಲಿ ಮಾಡಿದ ಪ್ರಯೋಗಗಳು ಬೇರೆಯೇ ಹೇಳಿದವು. ಆರ್ನೆ ಯಾನ್ಸೆನ್ ಮತ್ತು ಸಂಗಡಿಗರು 2006ರಲ್ಲಿ ಅಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಹೆಚ್ಚಿನ ಸಂದರ್ಭಗಳಲ್ಲಿ ಪಂಕ್ತಿಬೇಟೆ ಪೀಡೆ ನಿಯಂತ್ರಣವನ್ನು ಕೆಡಿಸಿರಲಿಲ್ಲ. ಸಿದ್ಧಾಂತ ತಪ್ಪಾ? ಅಲ್ಲ. ಸಿದ್ಧಾಂತದಲ್ಲಿ ಇದ್ದದ್ದು ಮೂರೇ ಪಾತ್ರ, ಒಂದು ಸಮತಟ್ಟಾದ ಮೈದಾನ, ಮತ್ತು ಮುಗಿಯದ ಕಾಲ. ನಿಜವಾದ ಗಿಡದಲ್ಲಿ ಈ ಮೂರೂ ಇಲ್ಲ.

ಮೈದಾನದ ವಿಷಯ ತೆಗೆದುಕೊಳ್ಳಿ. ಕಾರ್ಲ್ ಹಫೇಕರ್ 1958ರಲ್ಲಿ ಪ್ರಕಟಿಸಿದ ಕಿತ್ತಳೆ ಹಣ್ಣಿನ ಪ್ರಯೋಗ ಇದಕ್ಕೆ ಹಳೆಯ, ಒಳ್ಳೆಯ ಉದಾಹರಣೆ. ಅವರು ಕಿತ್ತಳೆ ಹಣ್ಣುಗಳನ್ನು ಸಾಲಾಗಿಟ್ಟು, ಹಣ್ಣು ತಿನ್ನುವ ಒಂದು ನುಸಿಯನ್ನೂ ಅದನ್ನು ತಿನ್ನುವ ಬೇಟೆ ನುಸಿಯನ್ನೂ ಬಿಟ್ಟರು. ಸರಳವಾಗಿ ಇಟ್ಟಾಗ ಬೇಟೆ ನುಸಿ ಎಲ್ಲವನ್ನೂ ತಿಂದು ಮುಗಿಸಿ, ತಾನೂ ಹಸಿದು ಸತ್ತಿತು. ಆಮೇಲೆ ಕಿತ್ತಳೆಗಳ ದೊಡ್ಡ ಏರ್ಪಾಡು ಮಾಡಿ, ನಡುವೆ ವ್ಯಾಸಲೀನ್ ಗೆರೆಗಳ ಅಡ್ಡಿ ಹಾಕಿದರು. ಹಣ್ಣು ತಿನ್ನುವ ನುಸಿ ಎಳೆ ಬಿಟ್ಟು ಗಾಳಿಯಲ್ಲಿ ಹಾರಿಹೋಗಲು ಪುಟ್ಟ ಕಡ್ಡಿಗಳನ್ನು ನೆಟ್ಟರು. ಆಗ ಎರಡೂ ತಿಂಗಳುಗಟ್ಟಲೆ ಉಳಿದವು, ಮೂರು ಸಲ ಏರಿಳಿದವು. ಅವಿತುಕೊಳ್ಳಲು ಜಾಗ, ತಪ್ಪಿಸಿಕೊಳ್ಳಲು ದಾರಿ ಸಿಕ್ಕಿದರೆ ತಿನ್ನುವವನೂ ತಿನ್ನಿಸಿಕೊಳ್ಳುವವನೂ ಒಟ್ಟಿಗೆ ಬಾಳುತ್ತಾರೆ. ಗಿಡ ಅಂದರೆ ಅಂಥ ಜಾಗಗಳದ್ದೇ ರಾಶಿ. ಕೂದಲು, ಬಲೆ, ಮೊಗ್ಗಿನ ಸಂದು, ಎಲೆಯ ಮಡಿಕೆ.

ಇದೇ ಮಾತನ್ನು ಇಡೀ ಖಂಡದ ಮಟ್ಟದಲ್ಲಿ ತೋರಿಸಿದ್ದು ಆಫ್ರಿಕಾದ ಮರಗೆಣಸು. ದಕ್ಷಿಣ ಅಮೆರಿಕದ ಹಸಿರು ನುಸಿಯೊಂದು 1971ರ ಹೊತ್ತಿಗೆ ಉಗಾಂಡದಲ್ಲಿ ಕಾಣಿಸಿಕೊಂಡು, ಮರಗೆಣಸು ಬೆಳೆಯುವ ದೇಶಗಳಿಗೆಲ್ಲ ಹಬ್ಬಿತು. ಅದರ ಶತ್ರುಗಳನ್ನು ಬ್ರೆಜಿಲ್‌ನಿಂದ ತಂದು ಬಿಟ್ಟರು. ಟಿಫ್ಲೋಡ್ರೋಮಾಲಸ್ ಮಾನಿಹೋಟಿ ಒಂದು, 1993ರಲ್ಲಿ ಬೆನಿನ್‌ನಲ್ಲಿ ಬಿಟ್ಟ ಟಿಫ್ಲೋಡ್ರೋಮಾಲಸ್ ಅರಿಪೋ ಇನ್ನೊಂದು. ಇವೂ ಒಂದರ ಮರಿಯನ್ನು ಇನ್ನೊಂದು ತಿನ್ನಬಲ್ಲ ಜಾತಿಗಳು. ಆದರೆ ಅರಿಪೋ ಹಗಲೆಲ್ಲ ಗಿಡದ ತುದಿಯ ಎಳೆ ಚಿಗುರಿನೊಳಗೆ ಅವಿತಿರುತ್ತದೆ. ಕತ್ತಲಾದ ಮೇಲೆ ಕೆಳಗಿನ ಎಲೆಗಳಿಗೆ ಇಳಿದು ಬೇಟೆಯಾಡಿ, ಮತ್ತೆ ಚಿಗುರಿಗೆ ಹತ್ತುತ್ತದೆ. ಮಾನಿಹೋಟಿ ಇರುವುದು ಎಲೆಗಳ ಮೇಲೆ. ಒಂದೇ ಗಿಡದಲ್ಲಿ ಎರಡು ಮನೆ, ಎರಡು ಹೊತ್ತು. ಹೀಗೆ ಪಾಲು ಮಾಡಿಕೊಂಡರೆ ಎದುರುಬದುರಾಗುವ ಸಂದರ್ಭ ಕಡಿಮೆ. ಹಸಿರು ನುಸಿಯ ಹಾವಳಿ ಇಳಿಯಿತು, ಮುಖ್ಯವಾಗಿ ಅರಿಪೋದಿಂದ.

ಕಾಲದ ವಿಷಯವೂ ಅಷ್ಟೇ ಮುಖ್ಯ. ಗಣಿತ ಹೇಳುವ ಕೊನೆಯ ಸ್ಥಿತಿಗೆ ಮುಟ್ಟಲು ನುಸಿಗಳ ಎಷ್ಟೋ ತಲೆಮಾರು ಬೇಕು. ಒಂದು ಬೆಳೆ ಕೆಲವು ತಿಂಗಳಿಗೆ ಮುಗಿಯುತ್ತದೆ. ಕಿತ್ತು ಹಾಕಿದ ಮೇಲೆ ಆಟ ಮೊದಲಿನಿಂದ ಶುರು. ಬೀನ್ಸ್ ಎಲೆಗಳ ಮೇಲೆ ಪರ್ಸಿಮಿಲಿಸ್ ಮತ್ತು ಕ್ಯಾಲಿಫೋರ್ನಿಕಸ್ ಎರಡನ್ನೂ ಬಿಟ್ಟು ನೋಡಿದ ಪ್ರಯೋಗಗಳಲ್ಲಿ ಜೇಡ ನುಸಿ ಕಡಿಮೆಯಾದ ಮೇಲೆ ಕ್ಯಾಲಿಫೋರ್ನಿಕಸ್ ಉಳಿಯಿತು, ಪರ್ಸಿಮಿಲಿಸ್ ಅಳಿಯಿತು. ನುಸಿಯ ಕಣ್ಣಿನಿಂದ ನೋಡಿದರೆ ಇದು ಸೋಲು. ಬೆಳೆಗಾರರ ಕಣ್ಣಿನಿಂದ ನೋಡಿದರೆ ಪರ್ಸಿಮಿಲಿಸ್ ಬೆಂಕಿ ಆರಿಸಿ ಹೋಯಿತು, ಕ್ಯಾಲಿಫೋರ್ನಿಕಸ್ ಕಿಡಿ ಕಾಯುತ್ತಾ ಉಳಿಯಿತು. ನನ್ನ ಮಟ್ಟಿಗೆ ಇದು ಒಳ್ಳೆಯ ಜೋಡಿ.

ಇನ್ನು ಪಾತ್ರಗಳ ಸಂಖ್ಯೆ. ಸ್ವಿರ್ಸ್ಕಿಗೆ ಬೇರೆ ಊಟ ಸಮೃದ್ಧವಾಗಿ ಸಿಕ್ಕಿದರೆ ಅದು ಪಕ್ಕದವರ ಮೊಟ್ಟೆ ಹುಡುಕಿಕೊಂಡು ಹೋಗುವುದು ಕಡಿಮೆಯಾಗುತ್ತದೆ. ಊಟ ಬಗೆಬಗೆಯದಾದರೆ ಅದರ ಸಂಖ್ಯೆಯೂ ಏರುತ್ತದೆ. ನೆದರ್ಲೆಂಡ್ಸ್‌ನಲ್ಲಿ ಸೌತೆ ಗಿಡಗಳ ಮೇಲೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಬರೀ ಬಿಳಿನೊಣ ಇದ್ದ ಗಿಡಗಳಿಗಿಂತ, ಥ್ರಿಪ್ಸ್ ಮತ್ತು ಬಿಳಿನೊಣ ಎರಡೂ ಇದ್ದ ಗಿಡಗಳಲ್ಲಿ ಸ್ವಿರ್ಸ್ಕಿ ಬಿಳಿನೊಣವನ್ನು ಹೆಚ್ಚು ಚೆನ್ನಾಗಿ ತಡೆಯಿತು. ಎರಡು ಪೀಡೆ ಒಂದಕ್ಕಿಂತ ಮೇಲು ಅನ್ನುವ ಪರಿಸ್ಥಿತಿ!

ಹಾಗಂತ ಎಲ್ಲ ಸರಿಹೋಗುತ್ತದೆ ಅಂತ ಕಣ್ಣು ಮುಚ್ಚಬೇಡಿ. ಕೈಕೊಡುವ ಜೋಡಿಗಳೂ ಇವೆ. ದೊಣ್ಣೆಮೆಣಸಿನಲ್ಲಿ ಗಿಡಹೇನಿಗೆ ಅಂತ ಒಂದು ಪುಟ್ಟ ನೊಣವನ್ನು ಬಿಡುತ್ತಾರೆ, ಅಫಿಡೋಲೆಟೆಸ್ ಅಂತ ಹೆಸರು. ಅದು ಹೇನಿನ ಗುಂಪಿನ ನಡುವೆ ಕಿತ್ತಳೆ ಬಣ್ಣದ ಸಣ್ಣ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬಂದ ಹುಳು ಹೇನನ್ನು ತಿನ್ನುತ್ತದೆ. ಅದೇ ಬೆಳೆಗೆ ಥ್ರಿಪ್ಸ್‌ಗೆಂದು ಬಿಟ್ಟ ಸ್ವಿರ್ಸ್ಕಿ ಆ ಮೊಟ್ಟೆಗಳನ್ನು ಹುಡುಕಿ ತಿಂದುಬಿಡುತ್ತದೆ. 2011ರಲ್ಲಿ ಪ್ರಕಟವಾದ ಡಚ್ ಪ್ರಯೋಗದಲ್ಲಿ ಹೀಗಾಗಿ ಹೇನು ಹೆಚ್ಚಿತು. ಇಲ್ಲಿ ಏನು ತಪ್ಪಿತು ನೋಡಿ. ಸ್ವಿರ್ಸ್ಕಿ ಹೇನನ್ನು ಹತೋಟಿಗೆ ತರುವುದಿಲ್ಲ. ಅಂದರೆ ನೊಣವನ್ನು ತಿಂದು ಮಾಡಿದ ನಷ್ಟವನ್ನು ಅದು ಬೇರೆ ರೀತಿಯಲ್ಲಿ ತುಂಬಿಕೊಡುವುದಿಲ್ಲ. ಹೆಚ್ಚಿನ ಜೋಡಿಗಳಲ್ಲಿ ತಿನ್ನುವವನು ಕಡೇಪಕ್ಷ ಅದೇ ಪೀಡೆಗೂ ಬಾಯಿ ಹಾಕುತ್ತಾನೆ. ಇಲ್ಲಿ ಅದೂ ಇಲ್ಲ. ಇದಕ್ಕೆ ಪಂಕ್ತಿಬೇಟೆ ಅನ್ನುವ ಹೆಸರೂ ಪೂರ್ತಿ ಹೊಂದುವುದಿಲ್ಲ, ಇಬ್ಬರೂ ಒಂದೇ ಪಂಕ್ತಿಯವರಲ್ಲ.

ಆದ್ದರಿಂದ ಎರಡು ಬೇಟೆಗಾರರನ್ನು ಒಟ್ಟಿಗೆ ಬಿಡುವ ಮೊದಲು ನಾನು ಕೇಳುವ ಮೊದಲ ಪ್ರಶ್ನೆ ಇದು: ತಿನ್ನುವವನು ತಿನ್ನಿಸಿಕೊಳ್ಳುವವನ ಕೆಲಸವನ್ನೂ ಒಂದಿಷ್ಟು ಮಾಡುತ್ತಾನಾ? ಇಲ್ಲ ಅಂದರೆ ಎಚ್ಚರ. ಎರಡನೆಯದು, ತಿನ್ನಿಸಿಕೊಳ್ಳುವವನಿಗೆ ಅವಿತುಕೊಳ್ಳುವ ಜಾಗ ಇದೆಯಾ? ಪರ್ಸಿಮಿಲಿಸ್‌ಗೆ ಜೇಡ ನುಸಿಯ ಬಲೆ ಇದೆ. ಹಾಗಾಗಿ ಅದನ್ನು ಇಡೀ ಬೆಳೆಗೆ ತೆಳ್ಳಗೆ ಎರಚುವುದಕ್ಕಿಂತ, ಬಲೆ ಕಟ್ಟಿದ ಗಿಡಗಳನ್ನು ಹುಡುಕಿ ಅಲ್ಲೇ ದಟ್ಟವಾಗಿ ಬಿಡುವುದು ಮೇಲು. ಅಲ್ಲಿ ಅದಕ್ಕೆ ಊಟವೂ ಇದೆ, ಕೋಟೆಯೂ ಇದೆ. ಸ್ವಿರ್ಸ್ಕಿ ಬೆಳೆಯಲ್ಲೆಲ್ಲ ಹರಡಿಕೊಂಡಿದ್ದರೂ ಪರವಾಗಿಲ್ಲ.

ಊಟದ ಏರ್ಪಾಡೂ ನಮ್ಮ ಕೈಯಲ್ಲೇ ಇದೆ. ಎಲ್ಲ ತಿನ್ನುವ ನುಸಿಗಳಿಗಾಗಿ ಜೊಂಡುಹುಲ್ಲಿನ ಪರಾಗವನ್ನು ಎಲೆಗಳ ಮೇಲೆ ಉದುರಿಸುವುದುಂಟು. ಸಣ್ಣ ಚೀಟಿಯಂಥ ಪೊಟ್ಟಣದಲ್ಲಿ ಬೇಟೆ ನುಸಿಯ ಜೊತೆ ಅದರ ಊಟಕ್ಕೆ ಬೇರೆ ನಿರುಪದ್ರವಿ ನುಸಿಗಳನ್ನೂ ತುಂಬಿ ಗಿಡಕ್ಕೆ ತೂಗುಹಾಕುತ್ತಾರೆ. ವಾರಗಟ್ಟಲೆ ಅದರಿಂದ ಬೇಟೆ ನುಸಿಗಳು ಹೊರಬರುತ್ತಲೇ ಇರುತ್ತವೆ. ಹೊಟ್ಟೆ ತುಂಬಿದ ಕಾವಲುಗಾರ ಪಕ್ಕದವನ ಮೇಲೆ ಕೈ ಮಾಡುವುದು ಕಡಿಮೆ. ಪರಾಗ ಉದುರಿಸುವಾಗ ಒಂದು ವಿಷಯ ಮಾತ್ರ ಮರೆಯಬೇಡಿ. ಪರಾಗ ಥ್ರಿಪ್ಸ್‌ಗೂ ಇಷ್ಟ. ಕಾವಲುಗಾರರ ಸಂಖ್ಯೆ ಸಾಕಷ್ಟು ಇಲ್ಲದೆ ಪರಾಗ ಹಾಕಿದರೆ ನಾವೇ ಪೀಡೆಗೆ ಊಟ ಬಡಿಸಿದಂತೆ.

ಇಷ್ಟೆಲ್ಲ ಆದ ಮೇಲೂ ನಿಮ್ಮ ಬೆಳೆಯಲ್ಲಿ ಏನಾಗುತ್ತಿದೆ ಅನ್ನುವುದನ್ನು ಎಲೆಯೇ ಹೇಳಬೇಕು. ಲೆನ್ಸ್ ಹಿಡಿದು ಬಲೆ ಕಟ್ಟಿದ ಒಂದು ಎಲೆ ಆರಿಸಿಕೊಳ್ಳಿ. ಗುಂಡನೆಯ ಮೊಟ್ಟೆ ಎಷ್ಟು, ಉದ್ದನೆಯದು ಎಷ್ಟು, ಸುಕ್ಕಾದ ಸಿಪ್ಪೆ ಯಾವುದರದ್ದು ಜಾಸ್ತಿ ಅಂತ ಎಣಿಸಿ ಬರೆದಿಡಿ. ಎಲೆಯ ತೊಟ್ಟಿಗೆ ಒಂದು ದಾರ ಕಟ್ಟಿ. ಮೂರು ದಿನ ಬಿಟ್ಟು ಅದೇ ಎಲೆಗೆ ಬಂದು ಮತ್ತೆ ಎಣಿಸಿ. ಉದ್ದನೆಯ ಮೊಟ್ಟೆ ಒಂದೆರಡು ಸುಕ್ಕಾಗಿದ್ದರೆ ಗಾಬರಿ ಬೇಡ, ಗುಂಡನೆಯವು ಇಳಿಯುತ್ತಿವೆಯಾ ನೋಡಿ. ಅವು ಇಳಿಯುತ್ತಿದ್ದರೆ ಏನೂ ಮಾಡಬೇಕಿಲ್ಲ. ಗುಂಡನೆಯವು ಏರುತ್ತಾ, ಉದ್ದನೆಯವು ಸುಕ್ಕಾಗುತ್ತಾ ಹೋದರೆ ಆ ಗಿಡಕ್ಕೆ, ಅದರ ಸುತ್ತಲಿನ ಗಿಡಗಳಿಗೆ, ಅವತ್ತೇ ಇನ್ನಷ್ಟು ಪರ್ಸಿಮಿಲಿಸ್ ಬಿಡಿ.